ಪಕ್ಷಕ್ಕೊಬ್ಬ ಕಳ್ಳ ಬೇಕಾಗಿದ್ದ

ಬೈಲಹೊಂಗಲದ ಪೇಟೆಯಲ್ಲಿ ಫ್ಲೆಕ್ಸಿನ ಮೇಲೆ ಮುಖ ಬರದೆ ಉಳಿದಿದ್ದ ಗಂಡಸು ನಾನೊಬ್ಬನೇ ಎಂದು ನನ್ನ ಅನುಮಾನ. ಚಪ್ಪಲಿ ಅಂಗಡಿಯವನ ಮೊಮ್ಮಗ ಒಂದು ವರ್ಷ ತುಂಬಿದ್ದಕ್ಕೇ ಬಸ್ ಸ್ಟ್ಯಾಂಡಿನ ಎದುರು ಕಪ್ಪು ಕನ್ನಡಕ ಹಾಕಿಕೊಂಡು ಎರಡಾಳೆತ್ತರ ನಿಂತಿತ್ತು. ಎಮ್ಮೆ ದಲಾಲಿ ಮಾಡುವವನು ಯಾವುದೋ ಸಂಘದ ಉಪಾಧ್ಯಕ್ಷನಾದಾಗ ಮೊಬೈಲು ಕಿವಿಗೆ ಹಿಡಿದು ನಡೆದು ಬರುತ್ತಿರುವ ಹಾಗೆ ಹಾಕಿಸಿಕೊಂಡ. ನಾನು ಶಿವಲಿಂಗಪ್ಪ, ಭಾಂಡೆ ಅಂಗಡಿಯವನು. ಊರಿನ ಅರ್ಧ ಮದುವೆಗಳ ಕೊಡ, ತಂಬಿಗೆ, ತಾಟುಗಳ ಮೇಲೆ ಹೆಸರು ಕೊರೆದು ಕೊಟ್ಟವನು. ಬೇರೆಯವರ ಹೆಸರು ಕೊರೆದು ಕೊರೆದು ಕಣ್ಣು ಮಂಜಾಯಿತೇ ಹೊರತು ನನ್ನ ಹೆಸರನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ. ಈ ಅನ್ಯಾಯವನ್ನು ಹೆಂಡತಿ ರಾಚವ್ವನ ಮುಂದೆ ತೋಡಿಕೊಂಡರೆ, "ನಿಮ್ಮ ಮುಖ ಅಷ್ಟು ದೊಡ್ಡದು ಮಾಡಿ ನಿಲ್ಲಿಸಿದ್ರ ಬಂದ ಬಸ್ಸು ಹೊಳ್ಳಿ ಹೋಗತಾವ" ಎಂದಳು.

ಇಂಥ ಹೊತ್ತಿಗೆ ಚುನಾವಣೆ ಬಂತು. ಸಮಸ್ತ ಜನಹಿತ ಪಕ್ಷದ ತಾಲೂಕು ಅಧ್ಯಕ್ಷ ಗಂಗಯ್ಯನವರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಆ ಪಕ್ಷದ ಪ್ರಣಾಳಿಕೆಯಲ್ಲಿ ಈ ಸಲ ಅಪರಾಧದ್ದೇ ಅಬ್ಬರ. ಓಣಿಗೊಂದು ಕ್ಯಾಮೆರಾ. ಕೋರ್ಟಿನ ಕೇಸು ಅದನ್ನು ಹಾಕಿದವನ ಕಾಲದಲ್ಲೇ ಮುಗಿಯುವ ವ್ಯವಸ್ಥೆ. ಠಾಣೆಯಲ್ಲಿ ಬಡಿಯುವುದು ಬಂದ್, ಬದಲಿಗೆ ಪ್ರೀತಿಯ ಮಾತು ಮತ್ತು ಚಹಾ. ಜೈಲಿಗೆ ಮನಪರಿವರ್ತನಾ ಮಂದಿರ ಎಂದು ಹೊಸ ಹೆಸರು. ಅಲ್ಲಿಂದ ಹೊರಗೆ ಬಂದವನಿಗೆ ಸರ್ಕಾರದಿಂದ ಒಂದು ಗೂಡಂಗಡಿ. ಕೇಳುತ್ತ ಕೇಳುತ್ತ, ಒಮ್ಮೆಯಾದರೂ ಅಪರಾಧ ಮಾಡದೆ ಎಷ್ಟು ಕಳೆದುಕೊಂಡೆನಲ್ಲ ಎಂದು ನನಗೂ ಅನಿಸಿತು.

"ಫ್ಲೆಕ್ಸಿನ ತೆಳಗ ಶುಭ ಕೋರಾವ್ರ ಸಾಲಿನ್ಯಾಗ ನಿಮ್ದೂ ಒಂದು ಫೋಟೋ ಇರಲಿ ಅಣ್ಣಾರ. ಸಂಜೀಕ ಕಳಸರಿ" ಎಂದರು ಗಂಗಯ್ಯ.

ನನ್ನ ಕಷ್ಟ ನೋಡಿ. ಆಗ ಶ್ರಾವಣ. ಶ್ರಾವಣದಲ್ಲಿ ನಮ್ಮ ಮನೆಯ ಗಂಡಸರು ದಾಡಿ ಮಾಡಿಸುವುದಿಲ್ಲ. ನನ್ನ ಗಡ್ಡವಾದರೋ ಒಂದು ಕಡೆ ಬಿಳಿ, ಒಂದು ಕಡೆ ಕರಿ, ನಡುವೆ ಏನೂ ಇಲ್ಲ. ಮೇಲಾಗಿ ಅದು ಮಧ್ಯಾಹ್ನದ ಊಟದ ಹೊತ್ತು, ಅಂಗಡಿಯ ಕಬ್ಬಿಣದ ಜಾಲರಿ ಗೇಟು ಎಳೆದಿತ್ತು. ಹಿಂದೆ ಸ್ಟೀಲಿನ ಕೊಡಗಳ ಸಾಲು ಕಾಣಲಿ ಎಂದು ನಾನು ಒಳಗೇ ನಿಂತೆ. ರಾಚವ್ವ ರಸ್ತೆಯಲ್ಲಿ ನಿಂತು ಮೊಬೈಲು ಹಿಡಿದಳು. ಗಂಭೀರವಾಗಿ ಕಾಣಬೇಕೆಂದು ನಾನು ಎರಡೂ ಕೈಯಿಂದ ಗೇಟಿನ ಸರಳು ಹಿಡಿದುಕೊಂಡು, ಹುಬ್ಬು ಗಂಟು ಹಾಕಿ, ದೂರಕ್ಕೆ ನೋಡಿದೆ. ದೇಶದ ಚಿಂತೆ ಮಾಡುವ ಮುಖಂಡರು ಹೀಗೆಯೇ ನೋಡುತ್ತಾರೆ ಎಂದು ನನ್ನ ತಿಳುವಳಿಕೆ. ಆ ಫೋಟೋ ಗಂಗಯ್ಯನವರಿಗೆ ಹೋಯಿತು, ಅವರಿಂದ ಫ್ಲೆಕ್ಸ್ ಅಂಗಡಿಯ ಸಂದೀಪನಿಗೆ ಹೋಯಿತು.

ಮೂರನೆಯ ದಿನ ಮುಂಜಾನೆ ಹಾಲು ತರಲು ಹೋದವನು ಸರ್ಕಲ್ಲಿನಲ್ಲಿ ನನ್ನನ್ನೇ ನೋಡಿದೆ. ತಳದ ಸಾಲಿನಲ್ಲಿ ಬಟನ್ನಿನಷ್ಟು ಇರುತ್ತೇನೆ ಅಂದುಕೊಂಡಿದ್ದೆ, ನಟ್ಟನಡುವೆ ಬಾಗಿಲಿನಷ್ಟು ಇದ್ದೆ. ಒಂದು ಕ್ಷಣ ಎದೆ ಉಬ್ಬಿತು. ಆಮೇಲೆ ಓದಿದೆ. ಎಡಗಡೆ ಸರಳು ಹಿಡಿದ ಗಡ್ಡದ ನಾನು, ಕೆಳಗೆ "ನಿನ್ನೆ: ಕಳ್ಳ". ಬಲಗಡೆ ಕಂಪ್ಯೂಟರಿನಲ್ಲಿ ಗಡ್ಡ ಬೋಳಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಮಾಲೆ ಹಾಕಿದ ನಾನು, ಕೆಳಗೆ "ಇಂದು: ಕುಟುಂಬಸ್ಥ". ಮೇಲೆ ಅಭ್ಯರ್ಥಿ ಕೈ ಮುಗಿದು ನಗುತ್ತಿದ್ದರು, ಪಕ್ಕದಲ್ಲಿ ದಪ್ಪಕ್ಷರದಲ್ಲಿ "ತಪ್ಪಿದವನಿಗೂ ಒಂದು ಬದುಕು - ನಮ್ಮ ಭರವಸೆ".

ಹಾಲಿನ ಕ್ಯಾನು ಹಿಡಿದುಕೊಂಡೇ ಸಂದೀಪನ ಅಂಗಡಿಗೆ ಓಡಿದೆ.

"ಕಾಕಾ, ನಂದೇನು ತಪ್ಪಿಲ್ರಿ. ಸಣ್ಣ ಫೋಟೋ ಹದಿನಾಲ್ಕು ಬಂದಿದ್ವು. ನಡುವ ಹಾಕಾಕ ಒಬ್ಬ ಕಳ್ಳಂದು ಬೇಕಾಗಿತ್ತು, ಅದನ್ನ ಬ್ಯಾರೆ ಕಳಸತೇನಿ ಅಂತ ಗಂಗಯ್ಯನವ್ರು ಅಂದಿದ್ರು. ಬಂದದ್ರಾಗ ಇದ ಒಂದು ಹಂಗ ಇತ್ತು" ಎಂದ ಸಂದೀಪ. "ಮತ್ತ ಸರಳ ಬ್ಯಾರೆ ಹಿಡಕೊಂಡಿದ್ರಿ."

"ಹಿಂದ ಕೊಡ ಕಾಣಲಿಲ್ಲೇನೋ ನಿನಗ?"

"ಕಂಡ್ವು. ಕದ್ದ ಮಾಲು ಅಂತ ತಿಳದೆ."

ತಾಲೂಕು ಕಚೇರಿಯಲ್ಲಿ ಗಂಗಯ್ಯನವರು ನನ್ನನ್ನು ಅಪ್ಪಿಕೊಂಡೇ ಬಿಟ್ಟರು. ಫ್ಲೆಕ್ಸು ಕಿತ್ತೂರು, ಸವದತ್ತಿ, ರಾಮದುರ್ಗದಲ್ಲೆಲ್ಲ ನಿಂತಿತ್ತಂತೆ. ಅಭ್ಯರ್ಥಿಗಳು ನೋಡಿ, ಇಷ್ಟು ಅಸಲಿ ಮುಖ ಎಲ್ಲಿ ಸಿಕ್ಕಿತು ಎಂದು ಕೇಳಿದರಂತೆ. ಐತವಾರದ ಸಭೆಯಲ್ಲಿ ನಾನು ವೇದಿಕೆಗೆ ಬಂದು, ಪೊಲೀಸರ ಪ್ರೀತಿಯಿಂದ ಹೇಗೆ ಮನಸ್ಸು ಬದಲಾಯಿತು ಎಂದು ನಾಲ್ಕು ಮಾತು ಹೇಳಬೇಕಂತೆ.

"ಗಂಗಯ್ಯನವರ, ನಾ ಕಳ್ಳಲ್ರಿ!"

"ಅದು ನಮಗ ಗೊತ್ತೈತಿ. ಆದ್ರ ಪಕ್ಷಕ್ಕ ಈಗ ಒಬ್ಬ ಕಳ್ಳ ಬೇಕಾಗ್ಯಾನ."

"ನಿಮ್ಮ ಪಕ್ಷದಾಗ ಯಾರೂ ಇಲ್ಲೇನ್ರಿ?"

"ಅದಾರ" ಎಂದು ಗಂಗಯ್ಯ ನಿಟ್ಟುಸಿರು ಬಿಟ್ಟರು. "ಬಿಟ್ಟಾವ್ರು ಬೇಕಲ್ಲ."

ಮನೆಗೆ ಬರುವಷ್ಟರಲ್ಲಿ ಎದುರು ಮನೆಯ ಶಟ್ಟೆವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ಬಹಳ ಕರುಣೆ ಇತ್ತು. "ತಮ್ಮಾ, ನಮ್ಮತ್ತಿ ಕಾಲದ ತಾಮ್ರದ ಹಂಡೆ ಹ್ವಾತಲ್ಲ, ಅದು ನೀನ ಒಯ್ದಿದ್ರ ಹೇಳಿಬಿಡು. ನಾ ಏನೂ ಅನ್ನಾಂಗಿಲ್ಲ. ನಿನ್ನ ಮನಸ್ಸು ಹಗರಾಗತೈತಿ" ಎಂದಳು. ನಾನು ಇಲ್ಲ ಎಂದೆ. "ಇರಲಿ, ನಿಧಾನಕ್ಕ ಹೇಳು" ಎಂದು ತಲೆ ಸವರಿ ಹೋದಳು. ಅಂಗಡಿಗೆ ಬಂದ ಹೆಂಗಸರು ನಾನು ತಾಟು ತೋರಿಸುವಾಗ ತಾಟಿನ ಬದಲು ನನ್ನ ಕೈ ನೋಡತೊಡಗಿದರು.

ಮರುದಿನ ಠಾಣೆಯಿಂದ ಕರೆ ಬಂತು. ಸಾಹೇಬರು ಒಳ್ಳೆಯವರು, ಕುಳ್ಳಿರಿಸಿ ಮಾತನಾಡಿದರು. ಆದರೆ ಅವರ ತೊಂದರೆ ಬೇರೆಯೇ ಇತ್ತು.

"ಕಳ್ಳ ಅಂತ ಊರತುಂಬ ಫ್ಲೆಕ್ಸ್ ಐತಿ, ನಮ್ಮ ಕಂಪ್ಯೂಟರಿನ್ಯಾಗ ನಿಮ್ಮ ಹೆಸರ ಇಲ್ಲ. ನೀವು ಯಾವ ಠಾಣಾಕ್ಕ ಸೇರಿದಾವ್ರು?"

"ಯಾವ ಠಾಣಾಕ್ಕೂ ಸೇರಿಲ್ರಿ ಸರ್. ನಾ ಕಳವು ಮಾಡಿಲ್ಲ."

"ಮಾಡಿಲ್ಲ ಅನ್ನೂದಕ್ಕ ಏನರ ದಾಖಲಿ ಐತೇನು?"

ಐವತ್ತು ವರ್ಷ ನಾನು ಕಳವು ಮಾಡದೆ ಬದುಕಿದ್ದೇನೆ, ಆದರೆ ಒಂದು ರಸೀದಿ ತೆಗೆದುಕೊಳ್ಳುವ ಬುದ್ಧಿ ಬರಲಿಲ್ಲ. ಸಾಹೇಬರಿಗೂ ನನ್ನ ಮೇಲೆ ಕನಿಕರ ಬಂದು, ಊರು ಬಿಡುವುದಿದ್ದರೆ ತಿಳಿಸಿ ಹೋಗಿ ಎಂದು ಕಳಿಸಿದರು.

ಇಷ್ಟನ್ನೆಲ್ಲ ನಾನು ತಡೆದುಕೊಳ್ಳುತ್ತಿದ್ದೆ. ತಡೆದುಕೊಳ್ಳಲಾಗದ್ದು ಮಗಳ ವಿಷಯ. ಉಮಾಶ್ರೀಯನ್ನು ಸುರೇಬಾನದವರು ಆಷಾಢಕ್ಕೆ ಮೊದಲೇ ನೋಡಿ ಹೋಗಿದ್ದರು. ಹುಡುಗ ಕಲ್ಮೇಶ ಸೊಸೈಟಿಯಲ್ಲಿ ಕ್ಲಾರ್ಕು, ಸೌಮ್ಯ ಸ್ವಭಾವ. ಅವನೂ ಇವಳೂ ಫೋನಿನಲ್ಲಿ ಮಾತನಾಡುತ್ತಿದ್ದುದು ಮನೆಯವರಿಗೆಲ್ಲ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದೆವು. ಹುಡುಗನ ತಂದೆ ಬಸಲಿಂಗಪ್ಪ ಹೂಂ ಅನ್ನುವುದೊಂದೇ ಬಾಕಿ. ಬಸಲಿಂಗಪ್ಪ ಪೊಲೀಸು ಇಲಾಖೆಯಲ್ಲಿ ಹವಾಲ್ದಾರನಾಗಿ ನಿವೃತ್ತಿಯಾದವರು. ಮತ್ತು ಸುರೇಬಾನದ ಬಸ್ ಸ್ಟಾಪಿನಲ್ಲಿಯೂ ಗಂಗಯ್ಯನವರು ಒಂದು ಫ್ಲೆಕ್ಸು ನಿಲ್ಲಿಸಿದ್ದರು.

ಶುಕ್ರವಾರ ಫೋನು ಬಂತು. "ನಾಳೆ ಬರತೇನಿ. ಮಾತಾಡೂದೈತಿ." ಅಷ್ಟೇ.

ಉಮಾಶ್ರೀ ಅಳಲಿಲ್ಲ. ಅತ್ತಿದ್ದರೆ ನಾನೂ ಜೊತೆಗೆ ಅತ್ತು ಹಗುರಾಗುತ್ತಿದ್ದೆ. "ಅಪ್ಪಾ, ನಾ ಆ ಮನಿಗೆ ಹೋಗಬೇಕು ಅಂತ ಮಾಡೇನಿ. ನೀ ಏನರ ಮಾಡಿ ಇದನ್ನ ಸರಿ ಮಾಡು" ಎಂದಳು. ಒಂದು ಫೋಟೋದ ಆಸೆಗೆ ಮಗಳ ಸಂಸಾರವನ್ನೇ ಒತ್ತೆ ಇಟ್ಟ ತಂದೆ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಶನಿವಾರ ಬಸಲಿಂಗಪ್ಪನವರು ಮಗನೊಂದಿಗೆ ಬಂದರು. ಶ್ರಾವಣ ಮುಗಿದಿರಲಿಲ್ಲವಾದ್ದರಿಂದ ನನ್ನ ಗಡ್ಡ ಇನ್ನೂ ಇತ್ತು, ಅಂದರೆ ನಾನು ಫ್ಲೆಕ್ಸಿನ ಎಡಗಡೆಯವನ ಹಾಗೆಯೇ ಕಾಣುತ್ತಿದ್ದೆ. "ಶರಣ್ರಿ ಸಾಹೇಬ್ರ, ಬರ್ರಿ, ಕುಂದರ್ರಿ. ಅದು ಏನಾಗೇತಿ ಅಂದ್ರ..." ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ಮಾತಾಡಬ್ಯಾಡ. ಬೆಳಕಿಗೆ ಬಾ."

ಹೋದ ಸಲ ಬಂದಾಗ ನೀವು ತಾವು ಅಂದಿದ್ದವರು. ಬೆಳಕಿಗೆ ಹೋದೆ. ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಹೌದು, ನೀನ. ಕನ್ಯಾ ನೋಡಾಕ ಬಂದಾಗ, ಈ ಮಾರಿ ಎಲ್ಲೋ ನೋಡೇನಿ ಅಂತ ಅನಿಸಿತ್ತು. ಗಡ್ಡ ಇರಲಿಲ್ಲ, ಗುರುತು ಸಿಗಲಿಲ್ಲ. ನಮ್ಮ ಕಲ್ಮೇಶ ಹುಟ್ಟಿದ ವರ್ಷ. ಯಲ್ಲಮ್ಮನ ಗುಡ್ಡದ ಹುಣ್ಣಿವಿ ಬಂದೋಬಸ್ತು. ಉಗರಗೋಳದ ದಾರ್ಯಾಗ ಒಬ್ಬಾಕಿ ಮುದುಕಿ ಗಂಟು ಹ್ವಾತು. ಓಡಾಕ ಹತ್ತಿದ್ದಿ, ಹಿಡದೆ. ಮೊಣಕಾಲಿನ ಹಿಂದ ಎರಡು ಕೊಟ್ಟೆ. ನೆನಪಾತೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಆ ಮನುಷ್ಯನ ಕಣ್ಣಲ್ಲಿ ನೀರು ಬಂದದ್ದು ಕಂಡಿತು.

"ನೋಡು, ನೌಕರಿ ಪೂರ್ತಿ ಬಡದೇನಿ. ಕೈ ನೋಯೂಮಟ ಬಡದೇನಿ. ಒಬ್ಬಾವನೂ ಸುಧಾರಿಸಲಿಲ್ಲ. ಬಡಿಸಿಕೊಂಡಾವ್ರ ಹೊಳ್ಳಿ ಹೊಳ್ಳಿ ಬರತಿದ್ರು. ರಿಟೈರಾಗೂ ದಿವಸ ಸಾಹೇಬ್ರು ನಕ್ಕೋತ ಹೇಳಿದ್ರು, ಬಸಲಿಂಗಪ್ಪ, ನಿನ್ನ ಲಾಠಿಗೆ ಕಡದ ಬಿದಿರು ಸುಮ್ನ ಹಾಳಾತು ಅಂತ. ಅವತ್ತಿಂದ ಮನಸ್ಸಿನ್ಯಾಗ ಅದ ಕೊರಿಯಾಕ ಹತ್ತಿತ್ತು. ನಿನ್ನೆ ಫ್ಲೆಕ್ಸ್ ನೋಡಿದೆ. ಮನಿ ಮಾಡಿ, ಅಂಗಡಿ ಇಟ್ಟಿ, ಇಂಥಾ ಮಗಳನ್ನ ಬೆಳಿಸಿದಿ. ನನ್ನ ಎರಡು ಏಟಿಗೆ!" ನನ್ನ ಎರಡೂ ಕೈ ಹಿಡಿದುಕೊಂಡರು. "ನನ್ನ ಕೈಯಾಗ ತಿದ್ದಿದ ಮನಿ ಇದು. ಈ ಮನಿ ಹೆಣ್ಣ ತರತೇನಿ. ಇಲ್ಲಂದ್ರ ಯಾವ ಮನೀದು ತರಲಿ?"

ಕಲ್ಮೇಶ ತಂದೆಯನ್ನು ಹೆಮ್ಮೆಯಿಂದ ನೋಡುತ್ತಿದ್ದ. ಅಡಿಗೆಮನೆಯ ಬಾಗಿಲಲ್ಲಿ ರಾಚವ್ವ ನಿಂತು, ಹೂಂ ಅನ್ನಿ, ಹೂಂ ಅನ್ನಿ ಎಂದು ಸೌಟಿನಿಂದಲೇ ಸನ್ನೆ ಮಾಡುತ್ತಿದ್ದಳು. ಅವಳ ಹಿಂದೆ ಉಮಾಶ್ರೀಯ ಮುಖ ಕಾಣಿಸಿತು. ನಾನು ಬಾಯಿಂದ ಏನೂ ಹೇಳಲಿಲ್ಲ, ಇದನ್ನು ಯಾರಾದರೂ ಬರೆದಿಟ್ಟುಕೊಳ್ಳಬೇಕು. ತಲೆ ಮಾತ್ರ ಕೆಳಗೆ ಹೋಗಿ ಮೇಲೆ ಬಂತು. ಅದು ಮೊದಲಿನಿಂದಲೂ ಯಾರು ಏನೇ ಅಂದರೂ ಹಾಗೆ ಹೋಗಿ ಬರುವ ತಲೆ.

"ಸಕ್ಕರಿ ತಿಂದು ಲಗ್ನ ಗಟ್ಟಿ ಮಾಡೂದು ನಾಳೆ ಸಭಾ ಮುಗಿದ ಮ್ಯಾಲೆ. ನೀ ವೇದಿಕಿ ಮ್ಯಾಲೆ ಎಲ್ಲಾರ ಮುಂದ ನನ್ನ ಹೆಸರ ಹೇಳು" ಎಂದು ಬಸಲಿಂಗಪ್ಪ ಉಪ್ಪಿಟ್ಟು ತಿಂದು ಹೋದರು.

ಈಗ ನನ್ನ ಸ್ಥಿತಿ ವಿಚಾರ ಮಾಡಿ. ಪಕ್ಷದ ಪ್ರಕಾರ ನಾನು ಪ್ರೀತಿಯಿಂದ ಸುಧಾರಿಸಿದ ಕಳ್ಳ, ಬೀಗರ ಪ್ರಕಾರ ಲಾಠಿಯಿಂದ ಸುಧಾರಿಸಿದ ಕಳ್ಳ. ನನ್ನ ಪ್ರಕಾರ ನಾನು ಕಳ್ಳನೇ ಅಲ್ಲ, ಆದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಐತವಾರ ಮುಂಜಾನೆ ಮೈದಾನ ತುಂಬಿತ್ತು. ಬಸಲಿಂಗಪ್ಪನವರು ಸುರೇಬಾನದಿಂದ ಎರಡು ಕ್ರೂಸರ್ ಗಾಡಿ ತುಂಬ ಮಂದಿಯನ್ನು ಕರೆತಂದು, ಹಳೆಯ ಖಾಕಿ ಬಣ್ಣದ್ದೇ ಒಂದು ಅಂಗಿ ತೊಟ್ಟು, ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಹಿಂದೆ ಹೆಂಗಸರ ಕಡೆ ರಾಚವ್ವ, ಉಮಾಶ್ರೀ, ಹಂಡೆಯ ಸುದ್ದಿ ಇವತ್ತಾದರೂ ಹೊರಗೆ ಬಂದೀತೆಂದು ಶಟ್ಟೆವ್ವ. ಗಂಗಯ್ಯನವರು ನನ್ನ ಕೈಗೆ ಮೈಕು ಕೊಟ್ಟು, ಹೇಳಿಕೊಟ್ಟಿದ್ದನ್ನು ಮರೆಯಬೇಡಿ ಎಂದು ಕಿವಿಯಲ್ಲಿ ಹೇಳಿದರು.

"ನನ್ನನ್ನ ಠಾಣಾಕ್ಕ ಕರಕೊಂಡು ಹ್ವಾದ್ರು" ಎಂದೆ. ಕಾಲು ನಡುಗುತ್ತಿದ್ದವು, ಜನ ಅದನ್ನು ಪಶ್ಚಾತ್ತಾಪ ಎಂದು ತಿಳಿದು ಸುಮ್ಮನಾದರು. "ಖುರ್ಚಿ ಕೊಟ್ಟು ಕುಂದರಿಸಿದ್ರು. ಪ್ರೀತಿಯಿಂದ ಮಾತಾಡಿಸಿದ್ರು. ಚಾ ಕೊಟ್ರು..."

"ಚಾ?" ಮುಂದಿನ ಸಾಲಿನಿಂದ ಗರ್ಜನೆ ಬಂತು. "ಯಾರಲೇ ನಿನಗ ಚಾ ಕೊಟ್ಟಾವ್ರು?"

ನೋಡುವುದರೊಳಗೆ ಬಸಲಿಂಗಪ್ಪ ವೇದಿಕೆಯ ಮೇಲಿದ್ದರು. ಗಂಗಯ್ಯ ಅಡ್ಡ ಬಂದರು. "ಹಿರಿಯಾರ, ಇಳೀರಿ. ಪ್ರೀತಿಯಿಂದ ಪರಿವರ್ತನಿ ಅಂತ ನಮ್ಮ ಪ್ರಣಾಳಿಕ್ಯಾಗ ಐತಿ."

"ನಿಮ್ಮ ಪ್ರಣಾಳಿಕಿ ಅಲ್ಲಿ ಇತ್ತೇನ್ರಿ? ನಾ ಇದ್ದೆ! ಈ ಕೈಲೆ ಎರಡು ಕೊಟ್ಟೇನಿ!"

ಜನ ಸೀಟಿ ಹೊಡೆದರು. ಚಹಾಕ್ಕೆ ಬಾರದ ಚಪ್ಪಾಳೆ ಲಾಠಿಗೆ ಬಂತು. ಅಭ್ಯರ್ಥಿಗಳು ಅನುಭವಸ್ಥರು, ಗಾಳಿ ಯಾವ ಕಡೆ ಇದೆ ಎಂದು ಕೂಡಲೇ ಗೊತ್ತಾಯಿತು. ಎದ್ದು ನಿಂತು ಇನ್ನೊಂದು ಮೈಕು ಹಿಡಿದು, "ಬಂಧುಗಳೇ, ನಮ್ಮ ಪಕ್ಷದ ನಿಲುವು ಸ್ಪಷ್ಟ ಐತಿ. ಮೊದಲ ಎರಡು ಏಟು, ಆಮ್ಯಾಲೆ ಚಾ!" ಎಂದು ಸಾರಿದರು. ವಕೀಲರು, ತಜ್ಞರು ತಿಂಗಳುಗಟ್ಟಲೆ ಕುಳಿತು ಬರೆದ ನ್ಯಾಯ ಸುಧಾರಣೆ ಹೀಗೆ ಒಂದು ನಿಮಿಷದಲ್ಲಿ ಇನ್ನೊಮ್ಮೆ ಸುಧಾರಣೆಯಾಯಿತು. ಗಂಗಯ್ಯನವರು ಮೊದಲು ಚಹಾ ಇರಲಿ ಎಂದರು. ಬಸಲಿಂಗಪ್ಪ ಚಹಾ ಬೇಡವೇ ಬೇಡ ಎಂದರು. ಮೈದಾನದ ಹುಡುಗರು, "ಧೋತರ ಎತ್ತಿಸಿ ಏಟಿನ ಗುರುತು ತೋರಸ್ರೀ" ಎಂದು ಕೂಗತೊಡಗಿದರು. ಅಭ್ಯರ್ಥಿಗಳು ಅದಕ್ಕೂ ಒಪ್ಪುವ ಹಾಗೆ ಕಂಡರು.

ಆಗ ನನಗೆ ಎಲ್ಲಿತ್ತೋ ಸಿಟ್ಟು ಬಂತು. ಧೋತರದ ಚುಂಗು ಗಟ್ಟಿಯಾಗಿ ಹಿಡಿದುಕೊಂಡು ಮೈಕಿನಲ್ಲಿ ಒದರಿದೆ.

"ನಾ ಕಳ್ಳ ಅಲ್ಲ! ಯಾರ ಗಂಟೂ ಮುಟ್ಟಿಲ್ಲ! ದೇವರಾಣಿ ನಾ ಅಲ್ಲ!"

ಇಡೀ ಮೈದಾನ ನಿಶ್ಶಬ್ದವಾಯಿತು. ಸತ್ಯಕ್ಕೆ ಎಂಥ ಶಕ್ತಿ ಇದೆ ಎಂದು ನಾನು ಬೆರಗಾಗಿ ನಿಂತೆ. ಬಸಲಿಂಗಪ್ಪ ಬೆರಳು ನನ್ನ ಕಡೆ ಚಾಚಿದರು. ಮುಖ ಅರಳಿತ್ತು.

"ಇದ ಮಾತು! ಅವತ್ತೂ ಹಿಂಗ ಅಂದಾ! ಇದ ದನಿ, ಹಿಂಗ ಕೈ ಕಾಲು ನಡಗಿಸಿಗೋತ! ಕೇಳಿದ್ರಿಲ್ಲ?"

ಆ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೆ ಬಿತ್ತು. ಅಭ್ಯರ್ಥಿಗಳು ಇಬ್ಬರ ಕೊರಳಿಗೂ ಮಾಲೆ ಹಾಕಿದರು.

ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಕುಳಿತೆವು. ಸಕ್ಕರೆಯ ತಾಟು ಸಿದ್ಧವಾಗಿತ್ತು. ಬಸಲಿಂಗಪ್ಪನವರು ಕೊರಳಿನ ಮಾಲೆ ತೆಗೆದಿರಲಿಲ್ಲ. ಕಲ್ಮೇಶ ಹುಟ್ಟಿದ ವರ್ಷದ ಆ ಹುಣ್ಣಿಮೆಯ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಮುದುಕಿಯ ಗಂಟು ಈಗ ಸ್ವಲ್ಪ ದೊಡ್ಡದಾಗಿತ್ತು. ನನ್ನ ಓಟವೂ ಜೋರಾಗಿತ್ತು. ಚಹಾ ತಂದ ರಾಚವ್ವ ಕಪ್ಪನ್ನು ಕುಕ್ಕಿದಳು.

"ಸಾಕ್ ಮಾಡ್ರಿ ಅಣ್ಣಾರ. ನಿನ್ನೆ ನಾನ ಇವ್ರಿಗೆ ಹೂಂ ಅನ್ರಿ ಅಂದೆ. ಇವತ್ತು ಹುಡುಗ್ರು ಧೋತರ ಎತ್ತಸ್ರಿ ಅಂತ ಒದರಿದ್ದು ಕೇಳಿದೆ, ನನ್ನ ಕರಳು ಕಿತ್ತು ಬಂತು. ಆ ವರ್ಷ ಇವ್ರು ಸೊಲ್ಲಾಪುರದಾಗ ಭಾಂಡೆ ಅಂಗಡ್ಯಾಗ ಕೆಲಸಕ್ಕಿದ್ರು. ಎರಡು ವರ್ಷ ಈ ಕಡೆ ಮಾರಿ ಹಾಕಿಲ್ಲ. ನಮ್ಮಪ್ಪ ಅಲ್ಲಿಗೇ ಹೋಗಿ ವರಾ ನೋಡಿ ಬಂದಾನ. ಇವ್ರು ನಿಮ್ಮ ಕಳ್ಳ ಅಲ್ಲ. ಫ್ಲೆಕ್ಸಿನಾಂವ ತಪ್ಪು ಮಾಡ್ಯಾನ. ಇದರ ಮ್ಯಾಲೆ ನಮ್ಮ ಹುಡುಗಿ ಬ್ಯಾಡಾದ್ರ ಹೇಳಿಬಿಡ್ರಿ."

ಉಮಾಶ್ರೀ ಒಳಗೆ ಹೋದಳು. ಕಲ್ಮೇಶ ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕುಳಿತ. ಬಸಲಿಂಗಪ್ಪನವರು ನನ್ನ ಮುಖವನ್ನು ನೋಡಿದರು. ಗದ್ದ ಹಿಡಿಯಲಿಲ್ಲ, ಬೆಳಕಿಗೆ ಕರೆಯಲಿಲ್ಲ. ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಹಂಗಾರ" ಎಂದರು, ದನಿ ಇಳಿದಿತ್ತು. "ಹಂಗಾರ ಅವತ್ತು ನಾ ಬಡದದ್ದು ಯಾರಿಗೆ?"

ರಾಚವ್ವ ಕುಕ್ಕಿದ ಕಪ್ಪನ್ನು ಮೆಲ್ಲಗೆ ಅವರ ಮುಂದೆ ಸರಿಸಿದಳು.

"ಅವನೂ ಹಿಂಗ ಅಂದಾ. ನಾ ಅಲ್ಲ, ನಾ ಅಲ್ಲ ಅಂತ. ನಿನ್ನಂಗ ನಡಗಿದಾ. ಗಂಟು ಅವನ ಕಡೆ ಸಿಗಲಿಲ್ಲ. ಒಗದಿರಬೇಕು ಅಂತ ತಿಳದು ಎರಡು ಕೊಟ್ಟು ಬಿಟ್ಟುಬಿಟ್ಟೆ. ಕುಂಟಿಗೋತ ಹ್ವಾದಾ." ಕೊರಳಿನ ಮಾಲೆ ತೆಗೆದು ಪಕ್ಕಕ್ಕಿಟ್ಟರು. "ಓಡಾಕ ಹತ್ತಿದ್ದು ಖರೆ. ಬಸ್ಸಿಗೆ ಓಡಾಕ ಹತ್ತಿದ್ನೋ ಏನೋ."

ಆ ದಪ್ಪ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಮಗಳ ಮದುವೆಯ ಆಸೆಗೋ, ಆ ಮುದುಕನ ಮೇಲಿನ ಮರುಕಕ್ಕೋ, ಇಂದಿಗೂ ನನಗೆ ಬಗೆಹರಿದಿಲ್ಲ, ಬಾಯಿ ತಾನಾಗಿ ತೆರೆಯಿತು.

"ನಾನ ರೀ ಬೀಗರ. ನನಗ ಬಡದ್ರಿ."

ರಾಚವ್ವ ಬೆಚ್ಚಿ ನೋಡಿದಳು. ನಾನು ನಿಲ್ಲಲಿಲ್ಲ. "ಸೊಲ್ಲಾಪುರದಿಂದ ಹುಣ್ಣಿವಿಗಂತ ಬಂದಿದ್ದೆ. ಇಕಿಗೆ ಗೊತ್ತಿಲ್ಲ. ಗಂಟು ನಾನ ತುಡುಗು ಮಾಡಿದ್ದೆ. ಗಟಾರದಾಗ ಒಗದೆ. ನೀವು ಬಡದದ್ದು ಬರೋಬ್ಬರಿ ಐತಿ. ಕಾಲು ಇನ್ನೂ ಚಳಿಗಾಲದಾಗ ಎಳೀತೈತಿ." ಇಷ್ಟಕ್ಕೆ ಸಾಲದೇನೋ ಅನಿಸಿ, "ಶಟ್ಟೆವ್ವನ ಹಂಡೇನೂ ನಾನ ಒಯ್ದೇನಿ" ಎಂದೂ ಸೇರಿಸಿದೆ.

ಬಸಲಿಂಗಪ್ಪನವರು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ಜೀವಮಾನವೆಲ್ಲ ಖರೆ ಹೇಳಿದವರನ್ನು ಸುಳ್ಳುಗಾರರೆಂದು ತಿಳಿದಿದ್ದ ಆ ಮನುಷ್ಯ ನನ್ನನ್ನು ಎವೆಯಿಕ್ಕದೆ ನೋಡಿದರು.

"ಬೀಗರ" ಎಂದರು, "ನೀವು ಭಾಳ ಕೆಟ್ಟ ಸುಳ್ಳ ಹೇಳತೀರಿ."

ಆಮೇಲೆ ರಾಚವ್ವನ ಕಡೆ ತಿರುಗಿದರು. "ಅವ್ವಾ, ಸಕ್ಕರಿ ತರ್ರಿ. ಮೊದಲ ಇವ್ರ ಬಾಯಾಗ ಹಾಕ್ರಿ. ಇಲ್ಲಂದ್ರ ಇನ್ನೂ ಏನೇನು ಒಪ್ಪಿಗೋತಾರೋ."